ಅರಿಶಿನದ ಕಿವಿ

ಗುಂಡ್ಲುಪೇಟೆ ಸೀಮೆಯಲ್ಲಿ ಕೈ ನೋಡಿ ಹೇಳುವವರಿದ್ದಾರೆ, ದನದ ಸುಳಿ ನೋಡಿ ಹೇಳುವವರಿದ್ದಾರೆ, ಹಲ್ಲಿ ಲೊಚಗುಟ್ಟಿದ್ದನ್ನು ಕೇಳಿ ಹೇಳುವವರೂ ಇದ್ದಾರೆ. ಅರಿಶಿನವನ್ನು ಕಿವಿಯಿಂದ ನೋಡಿ ಹೇಳುವವನು ಮಾತ್ರ ಒಬ್ಬನೇ ಇದ್ದ. ಅವನು ಭೀಮನಬೀಡಿನ ಸೋಮಯ್ಯ. ಅವನ ಸಂಗತಿಯನ್ನು ಊರಿನ ಗಂಡಸರು ಹೇಳುವ ಬಗೆ ಒಂದು, ಹೆಂಗಸರು ಹೇಳುವ ಬಗೆ ಇನ್ನೊಂದು. ಗಂಡಸರ ಪಾಠದಲ್ಲಿ ತಪ್ಪೆಲ್ಲ ಟ್ರಾನ್ಸ್‌ಫಾರ್ಮರಿನದು. ಹೆಂಗಸರ ಪಾಠದಲ್ಲಿ ನೀರು ಹೊತ್ತ ದಿನಗಳ ನೆನಪು ಹೆಚ್ಚು ಖಚಿತವಾಗಿರುವುದರಿಂದ ಇಲ್ಲಿ ಅದನ್ನೇ ಅನುಸರಿಸಿದೆ.

ಬೇಯಿಸಿ ಒಣಗಿಸಿದ ಅರಿಶಿನದ ಕೊಂಬು ನೋಡಲು ಮಣ್ಣಿನ ಹೆಂಟೆಯಂತಿರುತ್ತದೆ. ಅದನ್ನು ಜಾಲರಿ ಹೊದಿಸಿದ ಕಬ್ಬಿಣದ ಡ್ರಮ್ಮಿಗೆ ತುಂಬಿ ಮೋಟಾರು ಹಾಕಿ ತಿರುಗಿಸಿದರೆ ಕೊಂಬಿಗೆ ಕೊಂಬು ಉಜ್ಜಿ ಸಿಪ್ಪೆ ಕಳಚಿ ಬಂಗಾರದ ಬಣ್ಣ ಹೊರಗೆ ಬರುತ್ತದೆ. ಬೇಗ ನಿಲ್ಲಿಸಿದರೆ ಬಣ್ಣ ಮಂಕು. ತಡಮಾಡಿದರೆ ಕೊಂಬು ಸವೆದು ಹುಡಿಯಾಗಿ ಗಾಳಿಗೆ ಹೋಗುತ್ತದೆ. ಗುಂಡ್ಲುಪೇಟೆಯ ವ್ಯಾಪಾರಿ ಮಹದೇವಪ್ರಸಾದರ ಶೆಡ್ಡಿನಲ್ಲಿ ಸೋಮಯ್ಯ ಇಪ್ಪತ್ತೆರಡು ಸುಗ್ಗಿ ಈ ಡ್ರಮ್ಮಿನ ಪಕ್ಕದಲ್ಲಿ ನಿಂತಿದ್ದ. ಉಳಿದ ಶೆಡ್ಡುಗಳಲ್ಲಿ ಆಗಾಗ ಮೋಟಾರು ನಿಲ್ಲಿಸಿ ಒಂದು ಹಿಡಿ ತೆಗೆದು ನೋಡುತ್ತಿದ್ದರು. ಹಾಗೆ ನೋಡುವುದು ಸೋಮಯ್ಯನಿಗೆ ಅವಮಾನ. ಅವನು ಕಣ್ಣು ಮುಚ್ಚಿ, ತಲೆ ವಾಲಿಸಿ, ಕಿವಿಯನ್ನು ಡ್ರಮ್ಮಿನ ಕಡೆಗೆ ಕೊಟ್ಟು ನಿಲ್ಲುತ್ತಿದ್ದ. ದಬದಬ ಅನ್ನುವುದು ಗಲಗಲ ಆಗಿ, ಆ ಗಲಗಲದ ಹೊಟ್ಟೆಯೊಳಗಿಂದ ಗಾಜಿನ ಬಳೆ ತಾಕಿದಂಥ ಸಣ್ಣ ದನಿಯೊಂದು ಎದ್ದ ಕ್ಷಣ ಬಲಗೈ ಎತ್ತುತ್ತಿದ್ದ. ಮೋಟಾರು ನಿಂತಾಗ ಒಳಗೆ ಅರಿಶಿನವು ಮದುವೆಗೆ ಸಿದ್ಧವಾದ ಹೆಣ್ಣಿನಂತೆ ಕೂತಿರುತ್ತಿತ್ತು. ಚಾಮರಾಜನಗರದ ಮಂಡಿಯವರೂ ಮಾಲು ಕಂಡ ಕೂಡಲೇ ‘ಇದು ಆ ಕಿವಿಯ ಮಾಲು’ ಎಂದು ಗುರುತಿಸುತ್ತಿದ್ದರು.

ಆ ಶೆಡ್ಡಿನೊಳಗೆ ಮಾತು ಎಂಬುದು ಇರಲಿಲ್ಲ. ಹೆಬ್ಬೆರಳು ಬಾಯಿಗೆ ತೋರಿಸಿದರೆ ಟೀ, ಮೀಸೆ ತಿರುವಿದರೆ ಸಾಹುಕಾರರು ಬರುತ್ತಿದ್ದಾರೆ ಎಂದು ಅರ್ಥ. ಜಗಳಗಳೂ ಕೈಯಲ್ಲೇ ಹುಟ್ಟಿ ಕೈಯಲ್ಲೇ ಮುಗಿಯುತ್ತಿದ್ದವು. ಒಂದು ವರ್ಷ ಯಾರೋ ಅಧಿಕಾರಿಗಳು ಬಂದು, ಎರಡು ಪ್ಲಾಸ್ಟಿಕ್ ಬಟ್ಟಲನ್ನು ಕಮಾನಿಗೆ ಸಿಕ್ಕಿಸಿದಂಥ ಕಿವಿಮುಚ್ಚಳಗಳನ್ನು ತಲೆಗೊಂದರಂತೆ ಹಂಚಿ ಫೋಟೋ ತೆಗೆದುಕೊಂಡು ಹೋದರು. ಕಿವಿಯಿಂದ ಅನ್ನ ತಿನ್ನುವವನು ಕಿವಿಗೆ ಮುಚ್ಚಳ ಹಾಕಿಕೊಂಡರೆ ದೇವರು ಮೆಚ್ಚುವನೇ? ಸೋಮಯ್ಯ ತನ್ನದನ್ನು ಮೊಳೆಗೆ ನೇತುಹಾಕಿದ. ಅದರ ಎಡಬಟ್ಟಲಿನಲ್ಲಿ ಕಣಜದ ಹುಳು ಮಣ್ಣಿನ ಗೂಡು ಕಟ್ಟಿತು.

ಇಪ್ಪತ್ತೆರಡನೆಯ ಸುಗ್ಗಿ ಮುಗಿದ ಮೂರನೆಯ ದಿನ ಮಧ್ಯಾಹ್ನ, ಮನೆಯಲ್ಲಿ ಮುದ್ದೆ ಮುರಿಯುತ್ತಿದ್ದ ಸೋಮಯ್ಯ ಕೈ ನಿಲ್ಲಿಸಿದ. ಸೂಜಿಯ ಮೊನೆಯಷ್ಟು ಸಣ್ಣಗೆ, ಬಿಡುವಿಲ್ಲದೆ, ಕುಯ್ ಎನ್ನುವ ಶಬ್ದ. ಟೀವಿ ಆರಿಸಲು ಹೇಳಿದ. ಅದು ಆರಿಯೇ ಇತ್ತು. ಮೊಬೈಲ್ ಚಾರ್ಜರು ಕಿತ್ತ. ಕುಕ್ಕರನ್ನು ಹಿತ್ತಲಿಗೆ ಕಳಿಸಿದ. ಕೊನೆಗೆ ಬೀದಿಗೆ ಬಂದು ನಿಂತಾಗ, ಎದುರಿಗೆ ಎರಡು ಕಂಬಗಳ ನಡುವೆ ಕೂತಿದ್ದ ಟ್ರಾನ್ಸ್‌ಫಾರ್ಮರು ಕಣ್ಣಿಗೆ ಬಿತ್ತು. ಊರಿನವರು ಅದನ್ನು ಟೀಸಿ ಎನ್ನುತ್ತಾರೆ.

ಸೋಮಯ್ಯನ ತರ್ಕದಲ್ಲಿ ದೋಷವಿರಲಿಲ್ಲ. ತಾಲ್ಲೂಕಿನಲ್ಲಿ ತನ್ನದಕ್ಕಿಂತ ಒಳ್ಳೆಯ ಕಿವಿ ಇಲ್ಲ, ಆದ್ದರಿಂದ ಕೆಟ್ಟಿರುವುದು ಕಿವಿಯಲ್ಲ, ಆದ್ದರಿಂದ ಟೀಸಿ.

ಹೆಂಡತಿ ಚಿಕ್ಕನಿಂಗಮ್ಮ ಬಂದು ಗಂಡನ ಪಕ್ಕದಲ್ಲಿ ನಿಂತು ಕಿವಿಗೊಟ್ಟಳು. ಜೇನು ಹುಟ್ಟಿಯಂತೆ ಅದು ದಿನವೂ ಗುಂಯ್‌ಗುಡುವ ದಪ್ಪ ಶಬ್ದವೊಂದನ್ನು ಬಿಟ್ಟು ಬೇರೇನೂ ಇಲ್ಲವಲ್ಲ ಎಂದಳು.

“ನಿಂಗೆ ಹೆಂಗ್ ಕೇಳ್ಸದು? ಅದ್ಕೆ ಕಿವಿ ಪಳಗಿರ್ಬೇಕು ಕಣ,” ಎಂದ ಸೋಮಯ್ಯ.

ಪಕ್ಕದ ಮನೆಯ ದೊಡ್ಡಬೀರಯ್ಯನನ್ನು ಕರೆದ. ದೊಡ್ಡಬೀರಯ್ಯನ ಹೊಲ ಕಾಡಂಚಿನಲ್ಲಿತ್ತು. ಆನೆ, ಹಂದಿ ಬಂದಾಗ ಪಟಾಕಿ ಸಿಡಿಸಿ ಓಡಿಸುವುದರಲ್ಲಿ ಊರಿಗೆ ಅವನೇ ಮುಂದಾಳು. ಅವನು ತಲೆ ವಾಲಿಸಿ ಬಹಳ ಹೊತ್ತು ನಿಂತ. ಅವನ ಮುಖ ನಿಧಾನವಾಗಿ ಗಂಭೀರವಾಯಿತು.

“ಸಣ್ಣಕೆ, ಎಳೆ ಎಳ್ದಂಗೆ, ಅದೇ ತಾನೆ? ನಾನು ಮೂರು ವರ್ಸದಿಂದ ಕೇಳ್ತಾವ್ನಿ ಕಣ್ಲಾ. ನೀನೇ ಬಾಯ್ಬುಡ್ಲಿ ಅಂತ ಸುಮ್ಕಿದ್ದೆ.”

ಊರ ಯಜಮಾನ ಬೆಟ್ಟಯ್ಯನನ್ನು ಕರೆತಂದರು. ನಲವತ್ತು ವರ್ಷ ಟ್ರ್ಯಾಕ್ಟರು ಓಡಿಸಿದ ದೊಡ್ಡ ಮನುಷ್ಯ. ಅವನು ಕೇಳಿ, ಶಬ್ದವಿರುವುದು ನಿಜ, ಅದು ಟೀಸಿಯ ಎಡಗಡೆಯಿಂದ ಬರುತ್ತಿದೆ ಎಂದು ತೀರ್ಪು ಕೊಟ್ಟ. ದೊಡ್ಡಬೀರಯ್ಯ ಬಲಗಡೆಯಿಂದ ಎಂದ. ಬೆಟ್ಟಯ್ಯ ಸುತ್ತಿ ಆಚೆ ಹೋಗಿ ನಿಂತು ನೋಡಿದ. ಅಲ್ಲಿಂದಲೂ ಅದು ಎಡಗಡೆಗೇ ಇತ್ತು. ದೊಡ್ಡಬೀರಯ್ಯನೂ ಸುತ್ತಿ ಬಂದ. ಅವನಿಗೆ ಬಲಗಡೆಗೇ ಇತ್ತು. ಇಬ್ಬರೂ ನಾಲ್ಕು ಸುತ್ತು ಸುತ್ತಿದ ಮೇಲೆ, ಟೀಸಿಯು ಎರಡೂ ಮಗ್ಗುಲಲ್ಲಿ ಕೆಟ್ಟಿದೆ ಎಂದು ಒಪ್ಪಂದವಾಯಿತು.

ಲೈನ್‌ಮ್ಯಾನ್ ಶಿವರಾಮು ಬಂದಾಗ ಮೊದಲು ನಕ್ಕ. ಕರೆಂಟಿನ ಕೆಲಸದ ಜೊತೆಗೆ ಅವನು ಮದುವೆ ದಿಬ್ಬಣಗಳಿಗೆ ಡೀಜೆ ಸೌಂಡ್ಸು ಬಾಡಿಗೆಗೆ ಬಿಡುತ್ತಿದ್ದ. ಶಬ್ದದ ವಿಷಯವನ್ನು ಅವನಿಗೆ ಬೇರೆಯವರು ಹೇಳಬೇಕಾಗಿರಲಿಲ್ಲ. ಸೋಮಯ್ಯ ಒಮ್ಮೆ ಕಣ್ಣು ಮುಚ್ಚಿ ಕೇಳು ಎಂದ. ಶಿವರಾಮು ಕಣ್ಣು ಮುಚ್ಚಿದ. ತೆರೆದಾಗ ನಗು ಇರಲಿಲ್ಲ.

“ಅದೆ ಕಣಣ್ಣ,” ಎಂದ, ಯಾರೋ ಸತ್ತ ಸುದ್ದಿ ಹೇಳುವವನಂತೆ.

ಊರಿನ ಉಳಿದವರಿಗೆ ಏನೂ ಕೇಳಿಸಲಿಲ್ಲ. ಆದರೆ ಅರಿಶಿನದ ಕಿವಿ, ಊರ ಯಜಮಾನ, ಸರ್ಕಾರದ ಲೈನ್‌ಮ್ಯಾನ್ ಮೂವರೂ ಕೇಳಿದ್ದನ್ನು ತಾನು ಕೇಳಲಿಲ್ಲ ಎಂದು ಹೇಳಿ ಕಿವುಡನೆನಿಸಿಕೊಳ್ಳುವ ಧೈರ್ಯ ಯಾರಿಗಿದೆ? ಸಂಜೆಯ ಹೊತ್ತಿಗೆ ಮಕ್ಕಳು ಸಹಿತ ಕುಯ್ ಎನ್ನುತ್ತ ಬೀದಿಯಲ್ಲಿ ಓಡಾಡಿದವು. ಎಮ್ಮೆ ಹಾಲು ಇಳಿಸದ್ದಕ್ಕೂ, ಕೋಳಿ ಕಾವಿಗೆ ಕೂರದ್ದಕ್ಕೂ ಕಾರಣ ಸಿಕ್ಕಿತು.

ಗುಂಡ್ಲುಪೇಟೆಯ ಕರೆಂಟು ಆಫೀಸಿನ ಗುಮಾಸ್ತನಿಗೆ ಮಾತ್ರ ತೊಡಕಾಯಿತು. ದೂರಿನ ಪುಸ್ತಕದಲ್ಲಿ ಕರೆಂಟು ಇಲ್ಲದ್ದಕ್ಕೆ, ತಂತಿ ಹರಿದದ್ದಕ್ಕೆ, ಕಂಬ ವಾಲಿದ್ದಕ್ಕೆ ಕಾಲಮ್ಮುಗಳಿದ್ದವು. ಕರೆಂಟು ಸರಿಯಾಗಿದ್ದು ಅದರ ದನಿ ಸರಿಯಿಲ್ಲದ್ದಕ್ಕೆ ಇರಲಿಲ್ಲ. ಅವನು ‘ಇತರೆ’ ಎಂದು ಬರೆದುಕೊಂಡ. ಕೆಲಸಕ್ಕೆ ಸೇರಿ ನಾಲ್ಕು ತಿಂಗಳಾಗಿದ್ದ ಇಂಜಿನಿಯರು ತೇಜಸ್ವಿನಿ ಮರುವಾರವೇ ಜೀಪಿನಲ್ಲಿ ಬಂದಳು. ಮೊಬೈಲು ಹಿಡಿದು ಶಬ್ದ ಅಳೆದಳು. ಟೀಸಿಯ ಶಬ್ದ ಇರಬೇಕಾದಷ್ಟೇ ಇದೆ ಎಂದಳು. ಬೆಟ್ಟಯ್ಯ, ಮೊಬೈಲಿಗೆ ಎಷ್ಟು ಸುಗ್ಗಿ ಅನುಭವವಿದೆ ಎಂದು ವಿಚಾರಿಸಿದ. ಹುಡುಗಿ ಒಳ್ಳೆಯವಳು. ಹಾಗಾದರೆ ಒಂದು ಗಳಿಗೆ ಲೈನು ಆಫ್ ಮಾಡಿ ನೋಡೋಣ, ಶಬ್ದ ನಿಂತರೆ ದೋಷ ಟೀಸಿಯದೇ ಎಂದಳು.

ಹೆಂಗಸರ ಪಾಠದಂತೆ ಅದು ಭಾನುವಾರ, ಹೊತ್ತು ಹನ್ನೊಂದು. ಊರಿಗೆ ಊರೇ ಟೀಸಿಯ ಸುತ್ತ ನೆರೆದಿತ್ತು. ಶಿವರಾಮು ಸ್ವಿಚ್ಚಿನ ಹಿಡಿ ಕೆಳಗೆಳೆದ. ಟೀಸಿಯ ದಪ್ಪ ಗುಂಯ್‌ಗಾಟ ನಿಂತಿತು. ಹಿಟ್ಟಿನ ಗಿರಣಿ ನಿಂತಿತು. ದೂರದ ಪಂಪುಗಳೆಲ್ಲ ನಿಂತವು. ಇಷ್ಟು ದಿನ ಮರೆಯಾಗಿದ್ದ ಮೌನ ಹೊಲದ ಕಡೆಯಿಂದ ನಡೆದು ಬಂದು ಜನರ ಮಧ್ಯೆ ನಿಂತುಕೊಂಡಿತು. ಆ ಮೌನದಲ್ಲಿ ಸೋಮಯ್ಯನ ಕುಯ್ ಎಂಬುದು ಒರೆಯಿಂದ ಹಿರಿದ ಕತ್ತಿಯ ಹಾಗೆ ಬೆತ್ತಲೆಯಾಗಿ ಕೇಳಿಸಿತು.

“ನಿಂತಿತಾ ಸೋಮಣ್ಣ?” ಎಂದಳು ತೇಜಸ್ವಿನಿ.

ಇನ್ನೂರು ಮುಖಗಳು ಅವನನ್ನು ನೋಡುತ್ತಿದ್ದವು. ನಿಂತಿಲ್ಲ ಎಂದರೆ ಶಬ್ದ ಟೀಸಿಯದಲ್ಲ. ಟೀಸಿಯದಲ್ಲದಿದ್ದರೆ ಯಾರದೆಂದು ಎಳೆಯ ಮಗುವೂ ಹೇಳುತ್ತದೆ. ಬರುವ ಸುಗ್ಗಿಗೆ ಡ್ರಮ್ಮಿನ ಪಕ್ಕ ಬೇರೆ ಯಾರೋ ನಿಲ್ಲುತ್ತಾರೆ.

“ನಿಂತೋಯ್ತು ಮೇಡಮ್ಮೋರೇ,” ಎಂದ ಸೋಮಯ್ಯ.

ದೊಡ್ಡಬೀರಯ್ಯ ತನಗೂ ನಿಂತಿತು ಎಂದ. ಬೆಟ್ಟಯ್ಯ ಎರಡೂ ಮಗ್ಗುಲಲ್ಲಿ ನಿಂತಿತು ಎಂದ. ಶಿವರಾಮು ಹೌದೆಂದು ತಲೆಯಾಡಿಸಿದ. ತೇಜಸ್ವಿನಿಯು ‘ಸ್ಥಳೀಯ ಅನುಭವಿಗಳ ಸಮಕ್ಷಮ ದೋಷ ದೃಢಪಟ್ಟಿದೆ’ ಎಂದು ಬರೆದು ನಾಲ್ವರ ರುಜು ಹಾಕಿಸಿಕೊಂಡಳು. ಮರುದಿನ ಕ್ರೇನು ಬಂದು ಟೀಸಿಯನ್ನು ಲಾರಿಗೇರಿಸಿತು. ಬದಲಿ ಟೀಸಿ ಎರಡು ದಿನದಲ್ಲಿ ಬರಬೇಕಾಗಿತ್ತು. ಬದಲಿಯೂ ರಿಪೇರಿಯಲ್ಲಿತ್ತು.

ಹನ್ನೊಂದು ದಿನ ಊರಿಗೆ ಕರೆಂಟಿಲ್ಲ. ಈ ಸಂಖ್ಯೆಯ ಬಗ್ಗೆ ಎರಡು ಪಾಠಗಳಿಲ್ಲ. ನಲ್ಲಿಯಲ್ಲಿ ನೀರಿಲ್ಲದೆ ಹೆಂಗಸರು ಅರ್ಧ ಮೈಲಿಯಾಚೆಯ ಕೈಪಂಪಿನಿಂದ ಬಿಂದಿಗೆ ಹೊತ್ತರು. ಟೊಮೆಟೊ ಸಸಿಗಳು ತಲೆಬಾಗಿದವು. ಹಿಟ್ಟು ಮಾಡಿಸಲು, ಮೊಬೈಲಿಗೆ ಚಾರ್ಜು ಹಾಕಿಸಲು ಗುಂಡ್ಲುಪೇಟೆಗೆ ಹೋಗಬೇಕಾಯಿತು. ಕೈಪಂಪಿನ ಬಳಿ ಸಾಲಿನಲ್ಲಿ ನಿಂತಿದ್ದ ದೊಡ್ಡಮಲ್ಲಮ್ಮ ಎಂಬ ಮುದುಕಿ, ಚಿಕ್ಕನಿಂಗಮ್ಮನ ಬಿಂದಿಗೆಗೆ ಜಾಗ ಬಿಡುತ್ತ ಹೇಳಿದಳು: “ನಿನ್ ಗಂಡುಂಗೆ ಮೂಗೂ ಚೆಂದಾಗಿ ಕೆಲ್ಸ ಮಾಡ್ತಾ ಅದ್ಯೇನವ್ವ? ಹಂಗಿದ್ರೆ ಮೊದ್ಲೇ ಯೋಳ್ಬುಡು. ಚರಂಡಿನೂ ಕಿತ್ತಾಕುಸ್ಬುಡ್ತಾನೆ.”

ಆ ಹನ್ನೊಂದು ದಿನದಲ್ಲಿ ಅತಿ ಹೆಚ್ಚು ಬೆಂದವನು ಸೋಮಯ್ಯನೇ. ಗಿರಣಿಯಿಲ್ಲ, ಪಂಪಿಲ್ಲ, ಟೀವಿಯಿಲ್ಲ. ಊರಿನಲ್ಲಿ ಉಳಿದದ್ದು ಅವನ ಕುಯ್ ಒಂದೇ. ಕಿವಿನೋವಿನ ಮಕ್ಕಳಿಗೆ ದೊಡ್ಡಮಲ್ಲಮ್ಮ ಹೇಳುತ್ತಿದ್ದ ಮದ್ದಿನಂತೆ, ಬೆಳ್ಳುಳ್ಳಿ ಕಾಯಿಸಿದ ಎಣ್ಣೆಯನ್ನು ಗುಟ್ಟಾಗಿ ಕಿವಿಗೆ ಬಿಟ್ಟುಕೊಂಡ. ಕೋಳಿಪುಕ್ಕ ಹಾಕಿ ತಿರುವಿದ. ಶಬ್ದಕ್ಕೆ ಎಣ್ಣೆ ಸವರಿದಂತಾಗಿ ಇನ್ನಷ್ಟು ನುಣುಪಾಯಿತು. ಒಂದು ಮಧ್ಯಾಹ್ನ ಚಿಕ್ಕನಿಂಗಮ್ಮ ಬಿಂದಿಗೆ ಇಳಿಸಿ ಒಳಗೆ ಬಂದಾಗ ಅವನು ಗೋಡೆಗೆ ಮುಖ ಮಾಡಿ, ಎರಡೂ ಅಂಗೈಯಿಂದ ಕಿವಿ ಒತ್ತಿಕೊಂಡು ಕೂತಿದ್ದ. ಟೀಸಿ ಹೋಗಿ ಆರು ದಿನವಾಗಿತ್ತು. ಹೆಂಗಸರ ಪಾಠದಲ್ಲಿ, ಅವಳಿಗೆ ಆಗಲೇ ಎಲ್ಲ ಗೊತ್ತಾಗಿತ್ತು. ಕೇಳಿದರೆ ಅವನು ಇನ್ನೊಂದು ಸುಳ್ಳು ಹೇಳಬೇಕಾಗುತ್ತದಲ್ಲ ಎಂದು ಸುಮ್ಮನಾದಳು.

ಹನ್ನೆರಡನೆಯ ದಿನ ಬದಲಿ ಟೀಸಿ ಬರಲಿಲ್ಲ. ಹಳೆಯದೇ ವಾಪಸು ಬಂತು. ರಿಪೇರಿಯವರು ಬಿಚ್ಚಿ ನೋಡಿ ಯಾವ ದೋಷವೂ ಇಲ್ಲವೆಂದು ಚೀಟಿ ಬರೆದು, ಬರಿಗೈಲಿ ಕಳಿಸಬಾರದೆಂದು ಬೂದುಬಣ್ಣ ಬಳಿದು ಕಳಿಸಿದ್ದರು. ಚೀಟಿ ಶಿವರಾಮುವಿನ ಜೇಬಿಗೆ ಹೋಯಿತು. ಹೊಸ ಬಣ್ಣ ಕಂಡ ಊರಿನವರು ಹೊಸ ಟೀಸಿಯೇ ಬಂತೆಂದು ಕುಂಕುಮ ಹಚ್ಚಿ, ಸೋಮಯ್ಯನ ಕೈಯಲ್ಲೇ ತೆಂಗಿನಕಾಯಿ ಒಡೆಸಿದರು. ಬಯ್ದ ಬಾಯಿಗಳೇ ಹೊಗಳಿದವು. ಈಗ ಶಬ್ದ ಹೇಗಿದೆ ಎಂದು ಕೇಳಿದ್ದಕ್ಕೆ ಅವನು, ಜೇನು ಸುರಿದಂತಿದೆ ಎಂದ.

ಮುಂದಿನ ಸೋಮವಾರ ಸೋಮಯ್ಯ, ಅರಿಶಿನದ ಬಿತ್ತನೆ ಗಡ್ಡೆ ವಿಚಾರಿಸಿ ಬರುತ್ತೇನೆಂದು ಮನೆಯಲ್ಲಿ ಹೇಳಿ ಗುಂಡ್ಲುಪೇಟೆಗೆ ಹೋದ. ಅಲ್ಲಿಂದ ತೆರಕಣಾಂಬಿ ಮಾರ್ಗದ ಬಸ್ಸು ಹಿಡಿದು ಚಾಮರಾಜನಗರದ ದೊಡ್ಡಾಸ್ಪತ್ರೆ ತಲುಪಿದ. ಗುರುತಿನವರು ಕಂಡಾರೆಂದು ಟವೆಲ್ಲನ್ನು ತಲೆಯ ಮೇಲಿಂದ ಹೊದ್ದುಕೊಂಡಿದ್ದ. ಚೀಟಿ ಮಾಡಿಸಿ, ಕಿವಿ ಪರೀಕ್ಷೆಯ ಕೋಣೆ ಹುಡುಕಿ, ಅದರ ಮುಂದಿನ ಬೆಂಚಿನಲ್ಲಿ ಕೂತ. ಪಕ್ಕದಲ್ಲಿ ಇನ್ನೊಬ್ಬನೂ ಟವೆಲ್ಲು ಹೊದ್ದು ಕೂತಿದ್ದ. ಟವೆಲ್ಲಿನ ಅಂಚಿನಲ್ಲಿ ಪಟಾಕಿಯ ಕಿಡಿ ಬಿದ್ದ ತೂತುಗಳಿದ್ದವು.

ದೊಡ್ಡಬೀರಯ್ಯ ತಾನು ಸಂಬಂಧಿಕರೊಬ್ಬರನ್ನು ನೋಡಲು ಬಂದದ್ದೆಂದ. ಯಾವ ಸಂಬಂಧಿಕರೆಂದು ಸೋಮಯ್ಯ ಕೇಳಲಿಲ್ಲ. ಆಚೆ ಬದಿಯಲ್ಲಿ ಕೂತಿದ್ದ ಬೆಟ್ಟಯ್ಯ, ತಾನು ಬಂದಿರುವುದು ಕಣ್ಣಿಗೆ, ಕಣ್ಣಿನ ಬೆಂಚು ತುಂಬಿತ್ತು ಎಂದ. ಗೋಡೆಗೊರಗಿ ಹೆಲ್ಮೆಟ್ಟು ತೆಗೆಯದೆ ನಿಂತಿದ್ದವನು ಅದರ ಗಾಜನ್ನೂ ಇಳಿಸಿಕೊಂಡ. ಬಹುಶಃ ಲೈನ್‌ಮ್ಯಾನುಗಳಿಗೆ ಎಲ್ಲ ಕಡೆಯೂ ಕೆಲಸವಿರುತ್ತದೆ.

“ಆವತ್ತು ಭಾನುವಾರ,” ಎಂದ ಸೋಮಯ್ಯ ಕೊನೆಗೆ, “ನಿಮ್ಗೆ ನಿಂತಿತ್ತಾ?”

“ನೀನು ನಿಂತೋಯ್ತು ಅಂದಲ್ಲಪ್ಪ,” ಎಂದ ಬೆಟ್ಟಯ್ಯ. “ಅರಿಶಿನದ ಕಿವೀಗೇ ನಿಂತ್ಮೇಲೆ ಟ್ರ್ಯಾಕ್ಟರಿನ ಕಿವಿ ಏನ್ ಅಂದಾತು?”

ಆ ಹೊತ್ತಿಗೆ ಕೋಣೆಯ ಬಾಗಿಲಲ್ಲಿ ಒಬ್ಬ ಹುಡುಗಿ ನಿಂತಿದ್ದಳು. ಅವಳು ಸೋಮಯ್ಯನ ಹೆಸರನ್ನು ಮೂರು ಸಲ ಕರೆದಳು. ನಾಲ್ವರಲ್ಲಿ ಒಬ್ಬನೂ ತಿರುಗಲಿಲ್ಲ. ಅವಳು ಬಂದು ಭುಜ ಮುಟ್ಟಿದಳು.

ಅವಳ ಹೆಸರು ಶಿವರಂಜಿನಿ. ಕಿವಿ ಪರೀಕ್ಷೆ ಮಾಡುವವಳು. ಮೊದಲು ಬೆಳಕು ಬಿಟ್ಟು ನೋಡಿ, ಎಡಗಿವಿಯಿಂದ ಬೆಳ್ಳುಳ್ಳಿಯ ಚೂರೊಂದನ್ನು, ಬಲಗಿವಿಯಿಂದ ಪುಕ್ಕದ ತುದಿಯನ್ನು ತೆಗೆದು ಪಿಂಗಾಣಿ ತಟ್ಟೆಯಲ್ಲಿಟ್ಟಳು. ಆಮೇಲೆ ಸೋಮಯ್ಯನನ್ನು ಮೆತ್ತೆ ಹೊದಿಸಿದ ಗೋಡೆಗಳ ಪುಟ್ಟ ಗೂಡಿನಂಥ ಕೋಣೆಯಲ್ಲಿ ಕೂರಿಸಿ, ಕಿವಿಗೆ ಬಟ್ಟಲು ಹಾಕಿ, ಕೈಗೊಂದು ಗುಂಡಿ ಕೊಟ್ಟು, ಸಣ್ಣ ಶಬ್ದ ಕೇಳಿದಾಗಲೆಲ್ಲ ಒತ್ತಬೇಕೆಂದು ಹೇಳಿ ಬಾಗಿಲು ಮುಚ್ಚಿದಳು. ಹೊರಗಿನ ಲೋಕ ಕಡಿದುಹೋಯಿತು. ಸೋಮಯ್ಯ ಗುಂಡಿ ಒತ್ತಿದ. ಒತ್ತಿದವನು ಬಿಡಲಿಲ್ಲ. ಜೀವಮಾನದಲ್ಲಿ ಮೊದಲ ಸಲ ಅವನ ಕಿವಿಗೆ ಸರ್ಕಾರಿ ಪರೀಕ್ಷೆ. ಒಂದು ಶಬ್ದವನ್ನೂ ತಪ್ಪಿಸಿಕೊಳ್ಳಬಾರದೆಂದು ಹೆಬ್ಬೆರಳು ಬಿಳಿಚುವವರೆಗೆ ಒತ್ತಿದ.

ಬಾಗಿಲು ತೆರೆಯಿತು.

“ಅಣ್ಣ,” ಎಂದಳು ಶಿವರಂಜಿನಿ ಮೆಲ್ಲಗೆ, “ನಾನಿನ್ನೂ ಶುರುನೇ ಮಾಡಿಲ್ಲ.”

ಪರೀಕ್ಷೆ ಮುಗಿದ ಮೇಲೆ ಅವಳು ಅವನ ಕೆಲಸವೇನೆಂದು ಕೇಳಿ ತಿಳಿದು, ಒಂದು ಹಾಳೆ ತೋರಿಸಿದಳು. ಅದರ ಮೇಲಿನ ಗೆರೆ ಸ್ವಲ್ಪ ದೂರ ಮಟ್ಟವಾಗಿ ಹೋಗಿ, ಹಿಮವದ್ ಬೆಟ್ಟದಿಂದ ಕಾಲು ಜಾರಿದವನಂತೆ ಕೆಳಗೆ ಬಿದ್ದಿತ್ತು. ಸಣ್ಣ, ತೆಳು ಶಬ್ದಗಳೆಲ್ಲ ಇದ್ದ ಜಾಗ ಅದು. ಡ್ರಮ್ಮಿನ ಸದ್ದು ಕಿವಿಯೊಳಗಿನ ಎಳೆ ರೋಮಗಳನ್ನು ವರ್ಷ ವರ್ಷವೂ ಸವೆಸುತ್ತ ಬಂದಿದೆ, ಸವೆದದ್ದು ಮತ್ತೆ ಹುಟ್ಟುವುದಿಲ್ಲ ಎಂದು ಬಿಡಿಸಿ ಹೇಳಿದಳು. ಕುಯ್ ಎನ್ನುವುದು ಹೊರಗಿನ ಶಬ್ದವಲ್ಲ. ಹೋದ ಶಬ್ದಗಳ ಜಾಗದಲ್ಲಿ ತಲೆಯೇ ಹುಟ್ಟಿಸಿಕೊಂಡದ್ದು. ಅದನ್ನು ತೆಗೆಯುವ ಔಷಧ ಇಲ್ಲ. ದಿನ ಕಳೆದಂತೆ ಅಭ್ಯಾಸವಾದೀತು. ಎಣ್ಣೆ, ಪುಕ್ಕ, ಕಡ್ಡಿ ಕಿವಿಯ ಹತ್ತಿರ ಬರಕೂಡದು. ತೀರ ನಿಶ್ಶಬ್ದದಲ್ಲಿ ಕೂರಬಾರದು. ಫ್ಯಾನಿನಂಥ ಮಂದವಾದ ಸದ್ದೊಂದು ಹತ್ತಿರವಿದ್ದರೆ ಕುಯ್ ಅದರೊಳಗೆ ಸ್ವಲ್ಪ ಮರೆಯಾಗುತ್ತದೆ.

“ತೋಳಳತೆ ದೂರದಲ್ಲಿರೋರ ಹತ್ರ ಕೂಗಿ ಮಾತಾಡ್ಬೇಕು ಅಂದ್ರೆ, ಆ ಜಾಗ ಕಿವಿ ತಿನ್ನುತ್ತೆ ಅಂತ ಅರ್ಥ ಅಣ್ಣ. ನಿಮ್ಮ ಶೆಡ್ಡಲ್ಲಿ ಹೇಗೆ?”

ಸೋಮಯ್ಯ ತನಗೆ ಅರಿವಿಲ್ಲದೆಯೇ ಕೈಸನ್ನೆಯಲ್ಲಿ ಉತ್ತರ ಕೊಟ್ಟ.

ಉಳಿದದ್ದನ್ನಾದರೂ ಉಳಿಸಿಕೊಳ್ಳಬೇಕಾದರೆ ಮುಚ್ಚಳವಿಲ್ಲದೆ ಡ್ರಮ್ಮಿನ ಹತ್ತಿರ ನಿಲ್ಲಬಾರದು ಎಂದಳು. ಇಲ್ಲದಿದ್ದರೆ ಇನ್ನು ಕೆಲವು ವರ್ಷಕ್ಕೆ ಮನೆಯವರ ಮಾತೂ ಈ ಗೆರೆಯ ಜೊತೆ ಜಾರುತ್ತದೆ. ಅವನು, ಗಾಜಿನ ಬಳೆ ತಾಕಿದಂಥ ಒಂದು ದನಿಯಿದೆ, ಅದು ಈ ಹಾಳೆಯಲ್ಲಿ ಎಲ್ಲಿದೆ ಎಂದು ಕೇಳಿದ. ಅವಳು ಗೆರೆಯ ಕೆಳತುದಿಯನ್ನು ಬೆರಳಿನಿಂದ ಮುಟ್ಟಿದಳು. ಆಗ ಅವನಿಗೆ ಹೊಳೆಯಿತು: ಎಷ್ಟೋ ಸುಗ್ಗಿಗಳಿಂದ ಅವನು ಆ ದನಿಯನ್ನು ಕೇಳಿಯೇ ಇರಲಿಲ್ಲ. ಬರೀ ರೂಢಿಯ ಮೇಲೆ ಕೈ ಎತ್ತುತ್ತಿದ್ದ.

ಉಳಿದ ಮೂವರೂ ಒಳಗೆ ಹೋಗಿ ಹೊರಗೆ ಬಂದರು. ನಾಲ್ವರಿಗೂ ಒಂದೊಂದು ಹಾಳೆ. ಊರಿನವರಿಗೆ ಟೀಸಿ ಸರಿಹೋಗಿದೆ, ಅದು ಹಾಗೆಯೇ ಇರಲಿ ಎಂದು ಬೆಟ್ಟಯ್ಯ ಅಪ್ಪಣೆ ಕೊಟ್ಟ. ಸಂಶಯ ಬರಬಾರದೆಂದು ಒಂದೇ ಬಸ್ಸಿನ ನಾಲ್ಕು ಬೇರೆ ಬೇರೆ ಸೀಟುಗಳಲ್ಲಿ ಕೂತು, ಒಬ್ಬರ ಮುಖ ಒಬ್ಬರು ನೋಡದೆ ಊರಿಗೆ ಬಂದರು.

ಸುಗ್ಗಿ ಬಂತು. ಮೊದಲ ದಿನ ಮಹದೇವಪ್ರಸಾದರು ಪೂಜೆ ಮುಗಿಸಿ ಡ್ರಮ್ಮಿಗೆ ಅರಿಶಿನ ತುಂಬಿಸಿದರು. ಸೋಮಯ್ಯ ಮೊಳೆಯ ಮೇಲಿದ್ದ ಕಿವಿಮುಚ್ಚಳ ತೆಗೆದು, ಎಡಬಟ್ಟಲಿನ ಕಣಜದ ಗೂಡನ್ನು ನೆಲಕ್ಕೆ ಬಡಿದು ಉದುರಿಸಿ, ಎಲ್ಲರ ಎದುರಿಗೆ ಅದನ್ನು ತಲೆಗೇರಿಸಿದ. ಮೋಟಾರು ಹಾಕುವವನ ಕೈ ಅಲ್ಲೇ ನಿಂತಿತು.

“ಅದಾಕ್ಕಂಡು ಹೆಂಗ್ಲಾ ಕೇಳೀಯೆ?” ಎಂದರು ಸಾಹುಕಾರರು.

ಸೋಮಯ್ಯ ಒಂದು ಬಟ್ಟಲನ್ನು ಸ್ವಲ್ಪ ಎತ್ತಿ, ಪ್ರಶ್ನೆಯನ್ನು ಇನ್ನೊಮ್ಮೆ ಕೇಳಿಸಿಕೊಂಡ.

“ಕೇಳಾಕಿಲ್ಲ ಸಾವ್ಕಾರ್ರೇ. ಆಗಾಗ ನಿಲ್ಸಿ, ಒಂದಿಡಿ ತಗ್ದು ನೋಡನ. ಎಲ್ರೂ ಹಂಗೇ ಮಾಡದು.”

ಇಪ್ಪತ್ತೆರಡು ವರ್ಷದ ಹೆಸರು ಆ ಎರಡು ಮಾತಿನಲ್ಲಿ ಮುಗಿಯಿತು. ಸಾಹುಕಾರರು ಒಳ್ಳೆಯವರಾದ್ದರಿಂದ ಕೆಲಸದಿಂದ ತೆಗೆಯಲಿಲ್ಲ. ಬೇರೆಯವನನ್ನು ಡ್ರಮ್ಮಿನ ಪಕ್ಕಕ್ಕೆ ನಿಲ್ಲಿಸಿ, ಇವನಿಗೆ ಚೀಲ ಹೊಲಿಯುವ ಜಾಗ ಕೊಟ್ಟರು. ಆ ಬೇರೆಯವನೂ ಮುಚ್ಚಳ ಹಾಕಿಕೊಳ್ಳುವವರೆಗೆ ಸೋಮಯ್ಯ ಸೂಜಿಗೆ ದಾರ ಪೋಣಿಸದೆ ಕೂತಿದ್ದನಂತೆ. ಅದೊಂದು ವಿವರ ಎರಡೂ ಪಾಠಗಳಲ್ಲಿದೆ. ಆ ವರ್ಷದ ಮಾಲು ಕಂಡ ಚಾಮರಾಜನಗರದ ಮಂಡಿಯವರಿಗೆ ಯಾವ ವ್ಯತ್ಯಾಸವೂ ಗೊತ್ತಾಗಲಿಲ್ಲ. ಅದನ್ನು ಯಾರೋ ಬಂದು ಸೋಮಯ್ಯನಿಗೆ ಸಂತೋಷದ ಸುದ್ದಿಯೆಂದು ಹೇಳಿದರು.

ರಜೆಯ ಮಧ್ಯಾಹ್ನಗಳಲ್ಲಿ ಅವನು ಮಂಚವೊಂದನ್ನು ಹೊತ್ತುಕೊಂಡು ಹೋಗಿ, ಟೀಸಿಯ ತಂತಿಬೇಲಿಯ ಈಚೆಗೆ, ಹೊಂಗೆಯ ನೆರಳಿನಲ್ಲಿ ಹಾಕಿಕೊಂಡು ಮಲಗತೊಡಗಿದ. ಟೀಸಿಯ ದಪ್ಪ ಗುಂಯ್‌ಗಾಟ, ಹೆಂಡತಿ ಮೊದಲ ದಿನವೇ ಕೇಳಿದ್ದ ಆ ಜೇನಿನ ಶಬ್ದ, ಈಗ ಅವನಿಗೆ ಹಾಸಿ ಹೊದೆಯುವಷ್ಟಿತ್ತು. ಊರಿನವರು, ಅರಿಶಿನದ ಕಿವಿ ಟೀಸಿಗೆ ಕಾವಲಿದೆ ಎಂದು ಧೈರ್ಯವಾಗಿದ್ದರು. ಚಿಕ್ಕನಿಂಗಮ್ಮ ಮಜ್ಜಿಗೆ ತಂದುಕೊಟ್ಟು ಮಂಚದ ತುದಿಯಲ್ಲಿ ಕೂತಳು.

“ಈಗ ಕೇಳ್ಸಾಕಿಲ್ವಾ ಅದು?”

“ಟೀಸಿ ಹಿಂದುಗಡೆ ನಿಂತದೆ,” ಎಂದ ಸೋಮಯ್ಯ. “ಓಗಿಲ್ಲ.”

ಅವಳು ತಲೆದಿಂಬನ್ನು ಟೀಸಿಯ ಕಡೆಗೆ ಇನ್ನಷ್ಟು ಸರಿಸಿ ಎದ್ದು ಹೋದಳು.

ಮರುದಿನ ದೊಡ್ಡಬೀರಯ್ಯ, ಮನೆಯೊಳಗೆ ಸೆಕೆ ಎಂದು ಗೊಣಗುತ್ತ ತನ್ನ ಮಂಚ ತಂದ. ವಾರದೊಳಗೆ ಬೆಟ್ಟಯ್ಯನದೂ ಬಂತು. ದಿಬ್ಬಣವಿಲ್ಲದ ದಿನಗಳಲ್ಲಿ ಶಿವರಾಮು ಚಾಪೆಯಲ್ಲೇ ಉರುಳಿಕೊಂಡ. ಒಂದು ಮಧ್ಯಾಹ್ನ ಆ ದಾರಿಯಲ್ಲಿ ಬಂದ ತೇಜಸ್ವಿನಿ ಜೀಪು ನಿಲ್ಲಿಸಿ ನೋಡಿದಳು. ಟೀಸಿಯ ಈಚೆಗೆ ನಾಲ್ಕು ಜನ, ತಲೆಯೆಲ್ಲ ಟೀಸಿಯ ಕಡೆಗೆ, ಕಣ್ಣು ಮುಚ್ಚಿ, ಉಸಿರು ಬಿಗಿಹಿಡಿದವರಂತೆ. “ಸೋಮಣ್ಣ,” ಎಂದು ಕರೆದಳು. ಇನ್ನೊಮ್ಮೆ ಕರೆದಳು. ಯಾರೂ ಅಲುಗಲಿಲ್ಲ. ಅಷ್ಟೊಂದು ಏಕಾಗ್ರತೆಯಿಂದ ಕೇಳುತ್ತಿರುವವರನ್ನು ಕದಡಬಾರದೆಂದು ಅವಳು ಸದ್ದಾಗದಂತೆ ಜೀಪಿನ ಬಾಗಿಲು ಹಾಕಿಕೊಂಡು, ಮಡಿಲಲ್ಲಿದ್ದ ದೂರಿನ ಪುಸ್ತಕದಲ್ಲಿ ‘ಇತರೆ’ ಎಂಬುದರ ಮುಂದೆ ಬರೆದಳು: ‘ಶಬ್ದ ಪೂರ್ತಿ ನಿಂತಿದೆ. ಗ್ರಾಮಸ್ಥರು ಎಚ್ಚರದಿಂದಿದ್ದಾರೆ.’